ಉಚಿತ ಬೇರೆ, ಮುಕ್ತ ಬೇರೆ

ಇವತ್ತು ಒಂದು ಪದದಿಂದ ಶುರು ಮಾಡೋಣ. ಇಂಗ್ಲಿಷಿನಲ್ಲಿ ‘ಫ್ರೀ’ ಅಂತಾರಲ್ಲ, ಆ ಒಂದು ಪದಕ್ಕೆ ಕನ್ನಡದಲ್ಲಿ ಎರಡು ಪದ ಇವೆ. ಒಂದು ಉಚಿತ, ಇನ್ನೊಂದು ಮುಕ್ತ. ಉಚಿತ ಅಂದರೆ ಕಾಸಿಲ್ಲದೆ ಸಿಗೋದು. ಮುಕ್ತ ಅಂದರೆ ಬೀಗ ಇಲ್ಲದ್ದು. ಈ ಎರಡರ ನಡುವಿನ ವ್ಯತ್ಯಾಸ ಹೇಳೋದಕ್ಕೆ ಇಂಗ್ಲಿಷಿನವರು ನಲವತ್ತು ವರ್ಷದಿಂದ ಒದ್ದಾಡ್ತಾ ಇದ್ದಾರೆ. ನಮಗೆ ಆ ಕಷ್ಟವೇ ಇಲ್ಲ. ಆದರೆ ಪದ ಇದ್ದೂ ನಾವು ವ್ಯತ್ಯಾಸ ಮರೆತುಬಿಟ್ಟಿದ್ದೀವಿ. ಯಾರಾದರೂ ಏನನ್ನಾದರೂ ಉಚಿತವಾಗಿ ಕೊಟ್ಟರೆ ಸಾಕು, ಅದು ನಮ್ಮದೇ ಆಯ್ತು ಅಂದುಕೊಂಡುಬಿಡ್ತೀವಿ. ಆಗಿರೋದಿಲ್ಲ.

ಮದುವೆ ಮನೆಯ ಊಟ ಉಚಿತ. ಎಲೆ ಹಾಕ್ತಾರೆ, ಬಡಿಸ್ತಾರೆ, ಉಂಡು ಬರ್ತೀರಿ. ಅಡುಗೆಮನೆಗೆ ಹೋಗಿ ‘ಸಾರಿಗೆ ಏನು ಹಾಕಿದ್ದೀರಿ, ನನಗೆ ಸ್ವಲ್ಪ ಉಪ್ಪು ಜಾಸ್ತಿ ಬೇಕು’ ಅನ್ನೋ ಹಾಗಿಲ್ಲ. ಕಲಬುರಗಿಯ ಶರಣಬಸವೇಶ್ವರರ ನಾಡಿನವರಿಗೆ ಇನ್ನೊಂದು ಪಂಕ್ತಿಯೂ ಗೊತ್ತು, ದಾಸೋಹ. ಅಲ್ಲಿ ಊಟಕ್ಕೆ ಬಂದವನೇ ತರಕಾರಿ ಹೆಚ್ಚಬಹುದು, ಒಲೆ ಮುಂದೆ ನಿಲ್ಲಬಹುದು, ಇನ್ನೊಬ್ಬರಿಗೆ ಬಡಿಸಬಹುದು, ಅದೇ ಅಡುಗೆ ಕಲಿತು ಹೋಗಿ ತನ್ನೂರಲ್ಲಿ ಇನ್ನೊಂದು ದಾಸೋಹ ಶುರು ಮಾಡಬಹುದು. ಮೊದಲನೆಯದು ಉಚಿತ. ಎರಡನೆಯದು ಉಚಿತವೂ ಹೌದು, ಮುಕ್ತವೂ ಹೌದು.

ಕಂಪ್ಯೂಟರ್ ಲೋಕದಲ್ಲಿ ಈ ಎರಡು ಪದಗಳ ನಡುವೆ ಒಂದು ದೊಡ್ಡ ಜಗ್ಗಾಟ ನಡೀತು. ಆ ಜಗ್ಗಾಟದ ಹೆಸರು ಜಾವಾ. ನಿಮ್ಮ ಮನೆಯಲ್ಲಿ ಎಂಜಿನಿಯರಿಂಗ್ ಓದ್ತಿರೋ ಮಗನೋ ಮಗಳೋ ಇದ್ದರೆ ಈ ಹೆಸರು ಕೇಳಿರ್ತೀರಿ. ಸೇಡಂನಿಂದಲೋ ಚಿತ್ತಾಪುರದಿಂದಲೋ ಡಿಗ್ರಿ ಮುಗಿಸಿ, ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಹೈದರಾಬಾದಿನ ಅಮೀರ್‌ಪೇಟೆಗೆ ಕೋಚಿಂಗಿಗೆ ಹೋಗೋ ಹುಡುಗರು ಮೊದಲು ಕಲಿಯೋ ಭಾಷೆಗಳಲ್ಲಿ ಅದೂ ಒಂದು. ಕಾಫಿ ಕಪ್ಪಿನ ಚಿಹ್ನೆ, ಜಾವಾ ಅನ್ನೋ ಹೆಸರು. ಬ್ಯಾಂಕಿನ ಸರ್ವರಿನಲ್ಲಿ ಅದು, ವಿಮೆ ಕಂಪನಿಯ ಲೆಕ್ಕದಲ್ಲಿ ಅದು, ಆಂಡ್ರಾಯ್ಡ್ ಫೋನಿನ ಆ್ಯಪ್‌ಗಳನ್ನು ವರ್ಷಗಟ್ಟಲೆ ಬರೆದದ್ದೂ ಅದರಲ್ಲೇ.

ಅದರ ಕಥೆ ಶುರುವಾಗೋದು 1991ರಲ್ಲಿ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ. 1982ರಲ್ಲಿ ಅದನ್ನು ಕಟ್ಟಿದ ನಾಲ್ವರಲ್ಲಿ ಒಬ್ಬರು ನಮ್ಮ ದೇಶದ ವಿನೋದ್ ಖೋಸ್ಲಾ. ಮುಂದೆ ಬೆಂಗಳೂರಿನಲ್ಲೂ ಆ ಕಂಪನಿಗೆ ದೊಡ್ಡ ಎಂಜಿನಿಯರಿಂಗ್ ಕೇಂದ್ರ ಇತ್ತು. ಅಲ್ಲಿ ಜೇಮ್ಸ್ ಗೋಸ್ಲಿಂಗ್ ಅನ್ನೋ ಎಂಜಿನಿಯರ್ ಮತ್ತು ಅವರ ತಂಡ ಟಿವಿ, ರಿಮೋಟ್ ಥರದ ಮನೆಬಳಕೆ ಯಂತ್ರಗಳಿಗೆ ಅಂತ ಒಂದು ಭಾಷೆ ಬರೆಯೋಕೆ ಕೂತರು. ಮೊದಲ ಹೆಸರು ಓಕ್. ಆ ಹೆಸರು ಬೇರೆಯವರ ಹತ್ತಿರ ಇತ್ತು, ಹಾಗಾಗಿ ಬದಲಾಯಿಸಬೇಕಾಯ್ತು. 1995ರ ಮೇ ತಿಂಗಳಲ್ಲಿ ಜಾವಾ ಅನ್ನೋ ಹೆಸರಲ್ಲಿ ಲೋಕದ ಮುಂದೆ ಬಂತು. ಟಿವಿಗೆ ಅಂತ ಮಾಡಿದ್ದು ಇಂಟರ್ನೆಟ್ಟಿಗೆ ಸರಿಹೋಯ್ತು.

ಏನು ಅದರ ವಿಶೇಷ? ಒಮ್ಮೆ ಬರೆದರೆ ಎಲ್ಲಿ ಬೇಕಾದರೂ ಓಡುತ್ತೆ, ಇದು ಅವರ ಘೋಷಣೆ. ಇದು ಅರ್ಥ ಆಗಬೇಕಾದರೆ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಾಗಿಲ್ಲ, ವಾಡಿಗೆ ಬಂದರೆ ಸಾಕು.

ವಾಡಿಯಲ್ಲಿ ಎರಡು ಹಳಿ ಸೇರ್ತವೆ. ಒಂದು ಮುಂಬೈನಿಂದ ಕಲಬುರಗಿ, ಶಹಾಬಾದ ದಾಟಿ ರಾಯಚೂರಿನ ಕಡೆ ಹೋಗೋ ಹಳಿ. ಇನ್ನೊಂದು ವಾಡಿಯಿಂದ ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು ಮೇಲೆ ಸಿಕಂದರಾಬಾದಿಗೆ ಹೋಗೋ ಹಳಿ. ಈ ಎರಡನೆಯದು ನಿಜಾಮರ ಕಾಲದ್ದು, ಶುರುವಾಗಿದ್ದು 1874ರಲ್ಲಿ. ಎರಡೂ ಬ್ರಾಡ್‌ಗೇಜ್, ಐದು ಅಡಿ ಆರು ಇಂಚು. ಹಾಗಾಗಿ ಮುಂಬೈನಿಂದ ಬಂದ ವ್ಯಾಗನ್ ವಾಡಿಯಲ್ಲಿ ತಿರುಗಿ ಸೀದಾ ಸಿಕಂದರಾಬಾದಿಗೆ ಹೋಗಬಹುದಿತ್ತು. ಅದೇ ನಿಜಾಮರ ರೈಲ್ವೆ 1900ರ ಆಸುಪಾಸಿನಲ್ಲಿ ಸಿಕಂದರಾಬಾದಿನಿಂದ ಮನಮಾಡದ ಕಡೆಗೆ ಹಾಕಿದ್ದು ಮೀಟರ್‌ಗೇಜ್. ಅಲ್ಲಿ ಗೇಜ್ ಬದಲಾಗೋ ಕಡೆ ಸಾಮಾನೆಲ್ಲ ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕು. ಕೂಲಿ, ಸಮಯ, ಒಡೆದುಹೋಗೋ ಮಾಲು, ಎಲ್ಲ ನಷ್ಟ.

ಜಾವಾ ಬರೋ ಮೊದಲು ಕಂಪ್ಯೂಟರ್ ಲೋಕ ಬಹುಮಟ್ಟಿಗೆ ಹೀಗೇ ಇತ್ತು. ವಿಂಡೋಸಿಗೆ ಬರೆದದ್ದು ಇನ್ನೊಂದರಲ್ಲಿ ಓಡ್ತಿರಲಿಲ್ಲ. ಬರೆದದ್ದನ್ನೆಲ್ಲ ಇಳಿಸಿ, ತಿದ್ದಿ, ಮತ್ತೆ ಹೇರಬೇಕು. ಜಾವಾ ಮಾಡಿದ್ದು ಇಷ್ಟೇ. ಪ್ರತಿ ಕಂಪ್ಯೂಟರಿನ ಮೇಲೂ ಒಂದೇ ಗೇಜಿನ ಹಳಿ ಹಾಸಿತು. ಆ ಹಳಿಯ ಹೆಸರು ಜಾವಾ ವರ್ಚುವಲ್ ಮಷಿನ್. ಕೆಳಗೆ ಯಂತ್ರ ಯಾವುದಾದರೂ ಇರಲಿ, ಮೇಲಿನ ಹಳಿ ಒಂದೇ. ನಿಮ್ಮ ವ್ಯಾಗನ್ ನಿಲ್ಲದೆ ಓಡುತ್ತೆ.

ಇದೆಲ್ಲ ಸರಿ. ಹಳಿಯ ಮಾತು ಬಂದ ಮೇಲೆ ಮುಂದಿನ ಪ್ರಶ್ನೆ ಕೇಳಲೇಬೇಕಲ್ಲ. ಹಳಿ ಯಾರದ್ದು?

ವಾಡಿ ಲೈನಿನ ವಿಷಯದಲ್ಲಿ ಈ ಪ್ರಶ್ನೆ ನಿಜವಾಗಿಯೂ ಕೇಳಲಾಗಿತ್ತು. ಆ ಹಳಿಗೆ ದುಡ್ಡು ಹಾಕಿದ್ದು ಹೈದರಾಬಾದ್ ಸಂಸ್ಥಾನ. 1883ರಲ್ಲಿ ಅದನ್ನು ಲಂಡನ್ನಿನ ಒಂದು ಕಂಪನಿಗೆ ಒಪ್ಪಿಸೋ ಯೋಜನೆ ಬಂತು. ಕಂಪನಿ ಹಳಿಯನ್ನು ಪೂರ್ವಕ್ಕೆ ಬೆಳೆಸುತ್ತೆ, ಚಾಂದಾದ ಕಲ್ಲಿದ್ದಲಿನ ಕಡೆಗೂ ಹಾಕುತ್ತೆ. ಬದಲಿಗೆ ಕಂಪನಿಯವರು ಹಾಕಿದ ಬಂಡವಾಳಕ್ಕೆ ಸಂಸ್ಥಾನ ವರ್ಷಕ್ಕೆ ಶೇಕಡಾ 5ರ ಬಡ್ಡಿಯನ್ನು ಖಾತ್ರಿ ಕೊಡಬೇಕು. ಲಾಭ ಬರಲಿ ಬಿಡಲಿ, ಬಡ್ಡಿ ಗ್ಯಾರಂಟಿ. ಅದಕ್ಕೇ ಆ ರೈಲ್ವೆಯ ಹೆಸರೇ ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ. ಇವತ್ತು ನಾವು ಗ್ಯಾರಂಟಿ ಅಂದರೆ ಬೇರೆ ಅರ್ಥ ಮಾಡ್ಕೋತೀವಿ. ಆಗಿನ ಗ್ಯಾರಂಟಿ ಲಂಡನ್ನಿನ ಷೇರುದಾರನಿಗೆ.

ಹೈದರಾಬಾದಿನಲ್ಲಿ ಕೆಲವರು ಎದ್ದು ನಿಂತರು. ಅವರಲ್ಲಿ ಒಬ್ಬರು ಅಘೋರನಾಥ ಚಟ್ಟೋಪಾಧ್ಯಾಯ, ಸರೋಜಿನಿ ನಾಯ್ಡು ಅವರ ತಂದೆ. ಇನ್ನೊಬ್ಬರು ಮುಲ್ಲಾ ಅಬ್ದುಲ್ ಖಯ್ಯೂಮ್. ರೈಲು ಬೇಡ ಅನ್ನೋದು ಅವರ ಮಾತಾಗಿರಲಿಲ್ಲ. ಒಪ್ಪಂದದಲ್ಲಿ ಏನಿದೆ ಅಂತ ಜನರ ಮುಂದೆ ಇಡಿ, ಜನ ಓದಲಿ, ಆಮೇಲೆ ಸಹಿ ಹಾಕಿ ಅಂತ ಕೇಳಿದರು. ಕೇಳಿದ್ದಕ್ಕೆ ಸಿಕ್ಕಿದ್ದೇನು? ಗಡಿಪಾರು. ಸಂಸ್ಥಾನದಿಂದಲೇ ಹೊರಗೆ ಕಳಿಸಿದರು. ಒಪ್ಪಂದ ನಡೆದೇ ಹೋಯ್ತು. ಆ ಹಳಿಯನ್ನು ನಿಜಾಮ ಸರ್ಕಾರ ಮತ್ತೆ ತನ್ನ ಕೈಗೆ ತಗೊಂಡಿದ್ದು 1930ರಲ್ಲಿ. ಭಾರತೀಯ ರೈಲ್ವೆಯ ಪಾಲಾಗಿದ್ದು ಸ್ವಾತಂತ್ರ್ಯದ ನಂತರ. ಹಳಿ ಅದೇ, ಗೇಜ್ ಅದೇ, ಚಿತ್ತಾಪುರದ ಸ್ಟೇಷನ್ ಅದೇ. ಬದಲಾಗಿದ್ದು ಒಂದೇ: ದರ ಎಷ್ಟು, ಹಳಿ ಎಲ್ಲಿಗೆ, ಯಾರಿಗೆ ಅಂತ ತೀರ್ಮಾನ ಮಾಡೋ ಕೈ.

ಈಗ ಜಾವಾಗೆ ವಾಪಸ್ ಬನ್ನಿ. 1995ರಿಂದಲೇ ಜಾವಾ ಉಚಿತ. ಡೌನ್‌ಲೋಡ್ ಮಾಡಿ, ಬಳಸಿ, ಕಾಸು ಬೇಡ. ಲೋಕದ ತುಂಬ ಲಕ್ಷಾಂತರ ಜನ ಅದನ್ನೇ ಕಲಿತರು, ಅದರ ಮೇಲೇ ಬದುಕು ಕಟ್ಟಿದರು. ಆದರೆ ಅದರ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಅದರ ಮೇಲಿನ ಹಕ್ಕು ಸನ್ ಕೈಯಲ್ಲಿ. ತಿದ್ದಿ ಹಂಚೋ ಹಾಗಿಲ್ಲ. ನಿಮ್ಮದೇ ಲಿನಕ್ಸ್ ಆವೃತ್ತಿಯ ಜೊತೆ ಸೇರಿಸಿ ಧಾರಾಳವಾಗಿ ಕೊಡೋ ಹಾಗಿಲ್ಲ. ಟಿಕೆಟ್ ಉಚಿತ, ಹಳಿ ಕಂಪನಿಯದ್ದು.

ಇದನ್ನು ಗಟ್ಟಿಯಾಗಿ ಹೇಳಿದವರು ರಿಚರ್ಡ್ ಸ್ಟಾಲ್‌ಮನ್. 1983ರಿಂದ ಮುಕ್ತ ತಂತ್ರಾಂಶ ಚಳವಳಿ ಕಟ್ಟಿದ ಮನುಷ್ಯ. 2004ರಲ್ಲಿ ಅವರು ಇದನ್ನು ‘ಜಾವಾ ಬಲೆ’ ಅಂತ ಕರೆದು ಲೇಖನ ಬರೆದರು. ಅವರ ವಾದ ಸರಳ. ನೀವು ನಿಮ್ಮ ತಂತ್ರಾಂಶವನ್ನು ಎಷ್ಟೇ ಮುಕ್ತವಾಗಿ ಬರೆದರೂ ಅದು ನಿಂತಿರೋ ನೆಲ ಇನ್ನೊಬ್ಬರದ್ದು. ಅವರು ಎದ್ದೇಳಿ ಅಂದರೆ ಏಳಬೇಕು. ಅದೇ ವರ್ಷ ಎರಿಕ್ ರೇಮಂಡ್ ಎಂಬ ಇನ್ನೊಬ್ಬ ಪ್ರೋಗ್ರಾಮರ್ ಜಾವಾವನ್ನು ಬಿಡುಗಡೆ ಮಾಡಿ ಅಂತ ಸನ್ ಕಂಪನಿಗೆ ಬಹಿರಂಗ ಪತ್ರ ಬರೆದರು. ಇನ್ನು ಕೆಲವರು ಪತ್ರ ಬರೆಯದೆ ಕೆಲಸಕ್ಕೆ ಕೂತರು. ಸನ್‌ನ ಕೋಡ್ ನೋಡದೆ, ಮೊದಲಿಂದ, ಸಾಲು ಸಾಲಾಗಿ ಜಾವಾದ ಗ್ರಂಥಾಲಯವನ್ನು ಮತ್ತೆ ಬರೆಯೋಕೆ ಶುರು ಮಾಡಿದರು. ಅದರ ಹೆಸರು ಗ್ನೂ ಕ್ಲಾಸ್‌ಪಾತ್. ಪಕ್ಕದಲ್ಲಿ ಹಳಿ ಇದ್ದರೂ ಅದರ ಜೊತೆಗೇ ಇನ್ನೊಂದು ಹಳಿ ಹಾಕಿದ ಹಾಗೆ.

ಹಾಗಂತ ಸನ್ ಕಂಪನಿ ಖಳನಾಯಕ ಅಂತ ತೀರ್ಪು ಕೊಡೋದು ಬೇಡ. ಅವರಿಗೂ ಒಂದು ನಿಜವಾದ ಭಯ ಇತ್ತು. ಮೈಕ್ರೋಸಾಫ್ಟ್ ಜಾವಾವನ್ನು ತಗೊಂಡು ತನ್ನ ವಿಂಡೋಸಿನಲ್ಲಿ ಮಾತ್ರ ಓಡೋ ಥರ ಬದಲಾಯಿಸ್ತಾ ಇದೆ ಅಂತ 1997ರಲ್ಲಿ ಸನ್ ಕೋರ್ಟಿಗೆ ಹೋಗಿತ್ತು. 2001ರಲ್ಲಿ ಮೈಕ್ರೋಸಾಫ್ಟ್ 2 ಕೋಟಿ ಡಾಲರ್ ಕೊಟ್ಟು ಆ ಮೊಕದ್ದಮೆ ಬಗೆಹರಿಸಿಕೊಂಡಿತು. ಸನ್‌ನವರ ಚಿಂತೆ ಏನು ಅಂದರೆ, ಬೀಗ ತೆಗೆದರೆ ಒಬ್ಬೊಬ್ಬರು ಒಂದೊಂದು ಗೇಜ್ ಹಾಕ್ತಾರೆ, ಮತ್ತೆ ಸಾಮಾನು ಇಳಿಸಿ ಹೇರೋ ಕಾಲ ಬರುತ್ತೆ. ಒಪ್ಪಬೇಕಾದ ಮಾತೇ. ಆದರೆ ಗೇಜ್ ಒಂದೇ ಇರಲಿ ಅನ್ನೋದಕ್ಕೂ, ಹಳಿಯೆಲ್ಲ ನಂದೇ ಇರಲಿ ಅನ್ನೋದಕ್ಕೂ ವ್ಯತ್ಯಾಸ ಇದೆ.

2006ರ ಏಪ್ರಿಲ್‌ನಲ್ಲಿ ಸನ್‌ಗೆ ಜೊನಾಥನ್ ಶ್ವಾರ್ಟ್ಜ್ ಹೊಸ ಮುಖ್ಯಸ್ಥರಾದರು. ಮೇ ತಿಂಗಳ ಜಾವಾ ಸಮ್ಮೇಳನದಲ್ಲಿ ಕಂಪನಿ ಒಂದು ಮಾತು ಹೇಳಿತು. ಬಿಡುಗಡೆ ಮಾಡಬೇಕಾ ಬೇಡವಾ ಅನ್ನೋ ಪ್ರಶ್ನೆ ಮುಗಿದಿದೆ, ಹೇಗೆ ಅನ್ನೋದಷ್ಟೇ ಉಳಿದಿದೆ ಅಂತ. ಆಮೇಲೆ 2006ರ ನವೆಂಬರ್ 13. ಜಾವಾವನ್ನು ಜಿಪಿಎಲ್ ಅನ್ನೋ ಪರವಾನಗಿಯಡಿ ಬಿಡುಗಡೆ ಮಾಡ್ತೀವಿ ಅಂತ ಸನ್ ಘೋಷಿಸಿತು. ಯಾರ ಪರವಾನಗಿ ಗೊತ್ತಾ ಅದು? ಬಲೆ ಅಂತ ಕರೆದಿದ್ದರಲ್ಲ, ಅದೇ ಸ್ಟಾಲ್‌ಮನ್ ಬರೆದ ಪರವಾನಗಿ.

ಜಿಪಿಎಲ್ ಅಂದರೆ ನಾಲ್ಕು ಹಕ್ಕು, ಒಂದು ಕರಾರು. ಯಾವ ಕೆಲಸಕ್ಕೆ ಬೇಕಾದರೂ ಓಡಿಸಬಹುದು. ಒಳಗೆ ಏನಿದೆ ಅಂತ ಓದಬಹುದು, ತಿದ್ದಬಹುದು. ಇನ್ನೊಬ್ಬರಿಗೆ ಕೊಡಬಹುದು. ತಿದ್ದಿದ್ದನ್ನೂ ಹಂಚಬಹುದು. ಕರಾರು ಏನು? ತಿದ್ದಿ ಹಂಚಿದರೆ ನಿಮ್ಮ ತಿದ್ದುಪಡಿಯನ್ನೂ ಇದೇ ಷರತ್ತಿನ ಮೇಲೆ ತೆರೆದಿಡಬೇಕು. ಅಂದರೆ ದಾಸೋಹದಿಂದ ಅಡುಗೆ ಕಲಿತು ಹೋದವನು ತನ್ನ ಅಡುಗೆಮನೆಗೆ ಬೀಗ ಹಾಕೋ ಹಾಗಿಲ್ಲ. ಜಾವಾ ವಿಷಯದಲ್ಲಿ ಒಂದು ವಿನಾಯಿತಿಯೂ ಇತ್ತು. ಜಾವಾದಲ್ಲಿ ಬರೆದ ನಿಮ್ಮ ಸ್ವಂತ ತಂತ್ರಾಂಶವನ್ನು ನೀವು ಮಾರಿಕೊಳ್ಳಬಹುದು, ಅದನ್ನು ತೆರೆಯಲೇಬೇಕು ಅಂತಿಲ್ಲ. ಹಳಿ ಎಲ್ಲರದ್ದು, ವ್ಯಾಗನ್ನಿನೊಳಗಿನ ಸಾಮಾನು ನಿಮ್ಮದು.

ಘೋಷಣೆ ಆದ ಕೂಡಲೇ ಎಲ್ಲ ತೆರೆದುಕೊಂಡಿತಾ? ಇಲ್ಲ. ಭಾಷೆಯನ್ನು ಯಂತ್ರಕ್ಕೆ ಅರ್ಥ ಮಾಡಿಸೋ ಕಂಪೈಲರ್ ಮತ್ತು ವರ್ಚುವಲ್ ಮಷಿನ್ ಮೊದಲು ಬಂದವು. ಉಳಿದ ದೊಡ್ಡ ಭಾಗ ಬಂದಿದ್ದು 2007ರ ಮೇ ತಿಂಗಳಲ್ಲಿ. ಆಗಲೂ ಕೆಲವು ತುಣುಕು ಬರಲಿಲ್ಲ. ಯಾಕೆ? ಅವು ಸನ್‌ನದ್ದೇ ಆಗಿರಲಿಲ್ಲ, ಬೇರೆ ಕಂಪನಿಗಳಿಂದ ತಂದದ್ದು. ಯಾವ ತುಣುಕು ಅಂತ ಕೇಳಿ. ಪರದೆಯ ಮೇಲೆ ಅಕ್ಷರ ಮೂಡಿಸೋ ಭಾಗ, ಬಣ್ಣ ಹೊಂದಿಸೋ ಭಾಗ, ಧ್ವನಿ ಹೊರಡಿಸೋ ಭಾಗ. ಅಂದರೆ ಹೊರಗಿಂದ ತಂದ ಒಂದೊಂದು ಬೀಗಕ್ಕೂ ಕೀಲಿ ಬೇರೆಯವರ ಜೇಬಿನಲ್ಲಿತ್ತು. ಅಂಥ ಜಾಗಗಳನ್ನು ಮುಕ್ತ ತಂತ್ರಾಂಶದವರು ಒಂದೊಂದಾಗಿ ತುಂಬಿದರು. ರೆಡ್ ಹ್ಯಾಟ್ ಕಂಪನಿ 2007ರ ಜೂನ್‌ನಲ್ಲಿ ಐಸ್ಡ್‌ಟೀ ಅನ್ನೋ ಯೋಜನೆ ಶುರು ಮಾಡಿತು. ಪಕ್ಕದ ಹಳಿ ಅಂದೆನಲ್ಲ, ಕ್ಲಾಸ್‌ಪಾತ್, ಅದರ ತುಣುಕುಗಳು ಇಲ್ಲಿ ಕೆಲಸಕ್ಕೆ ಬಂದವು. 2008ರ ಜೂನ್ ಹೊತ್ತಿಗೆ ಪೂರ್ತಿ ಮುಕ್ತವಾದ ಜಾವಾ, ಸನ್‌ನದ್ದೇ ಅಧಿಕೃತ ಪರೀಕ್ಷೆಯಲ್ಲಿ ಪಾಸಾಯ್ತು. 1995ರಿಂದ ಲೆಕ್ಕ ಹಾಕಿ. ಉಚಿತದಿಂದ ಮುಕ್ತಕ್ಕೆ ಬರೋಕೆ 13 ವರ್ಷ.

ಈ ಮಧ್ಯೆ ಸನ್ ಕಂಪನಿಯ ವ್ಯಾಪಾರ ಕುಸೀತಾ ಬಂತು. 2009ರಲ್ಲಿ ಒರಾಕಲ್ ಅದನ್ನು 740 ಕೋಟಿ ಡಾಲರಿಗೆ ಕೊಳ್ಳೋ ಒಪ್ಪಂದ ಆಯ್ತು, 2010ರ ಜನವರಿಯಲ್ಲಿ ವ್ಯವಹಾರ ಮುಗೀತು. ಮೂರು ತಿಂಗಳೊಳಗೆ ಗೋಸ್ಲಿಂಗ್ ಕೆಲಸ ಬಿಟ್ಟರು. ಜಾವಾದ ಜನಕನೇ ಹೊರಗೆ. ಅದೇ ವರ್ಷ ಆಗಸ್ಟ್‌ನಲ್ಲಿ, ಆಂಡ್ರಾಯ್ಡ್‌ನಲ್ಲಿ ಜಾವಾವನ್ನು ಬಳಸಿದ ರೀತಿ ತಪ್ಪು ಅಂತ ಒರಾಕಲ್ ಗೂಗಲ್ ಮೇಲೆ ಕೇಸ್ ಹಾಕಿತು. ಆ ಕೇಸ್ ಹನ್ನೊಂದು ವರ್ಷ ನಡೀತು. ಕೊನೆಗೆ 2021ರ ಏಪ್ರಿಲ್ 5ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆರಕ್ಕೆ ಎರಡರ ಬಹುಮತದಲ್ಲಿ ಗೂಗಲ್ ಮಾಡಿದ್ದು ನ್ಯಾಯಯುತ ಬಳಕೆ ಅಂತ ಹೇಳಿತು. ಅಷ್ಟರೊಳಗೆ, 2016ರಲ್ಲೇ, ಆಂಡ್ರಾಯ್ಡ್ ಜಿಪಿಎಲ್ ಅಡಿ ಬಿಡುಗಡೆಯಾದ ಮುಕ್ತ ಜಾವಾದ ಕಡೆಗೆ ಸರಿದಾಗಿತ್ತು.

2019ರಿಂದ ಒರಾಕಲ್ ಇನ್ನೊಂದು ನಿಯಮ ತಂತು. ತನ್ನ ಜಾವಾವನ್ನು ವ್ಯಾಪಾರಕ್ಕೆ ಬಳಸೋರು ಹೊಸ ತಿದ್ದುಪಡಿ ಬೇಕು ಅಂದರೆ ದುಡ್ಡು ಕೊಡಬೇಕು. 2023ರಲ್ಲಿ ಲೆಕ್ಕದ ವಿಧಾನವನ್ನೇ ಬದಲಾಯಿಸಿತು. ಜಾವಾ ಬಳಸೋರು ಎಷ್ಟು ಜನ ಅಂತಲ್ಲ, ಕಂಪನಿಯಲ್ಲಿ ಒಟ್ಟು ನೌಕರರು ಎಷ್ಟು ಅಂತ ಎಣಿಸಿ ಶುಲ್ಕ. ಒಬ್ಬನೇ ಒಬ್ಬ ಬಳಸಿದರೂ ತಲೆ ಎಣಿಸೋದು ಎಲ್ಲರದ್ದು.

ಈಗ ಒಂದು ನಿಮಿಷ ಯೋಚನೆ ಮಾಡಿ. 2006ರ ಆ ನವೆಂಬರ್ ಬರದೇ ಇದ್ದಿದ್ದರೆ ಏನಾಗ್ತಿತ್ತು? ಅಷ್ಟೊಂದು ಬ್ಯಾಂಕು, ಸರ್ಕಾರ, ಕಾಲೇಜು, ಸಣ್ಣ ಕಂಪನಿ, ಎಲ್ಲರೂ ಬಾಗಿಲಲ್ಲಿ ನಿಲ್ಲಬೇಕಾಗ್ತಿತ್ತು. ಕೇಳಿದಷ್ಟು ಕೊಡಬೇಕು, ಇಲ್ಲವೇ ವರ್ಷಗಟ್ಟಲೆ ಬರೆದದ್ದನ್ನು ಬಿಸಾಕಬೇಕು. ಆದರೆ ಹಾಗಾಗಲಿಲ್ಲ. ಒಂದು ಸಲ ಜಿಪಿಎಲ್ ಅಡಿ ಹೊರಬಂದ ಕೋಡನ್ನು ಯಾರೂ ಮತ್ತೆ ಒಳಗೆ ಎಳ್ಕೊಳ್ಳೋಕೆ ಆಗಲ್ಲ. ಕಂಪನಿಯನ್ನು ಕೊಳ್ಳಬಹುದು, ಹೆಸರನ್ನು ಕೊಳ್ಳಬಹುದು, ಚಿಹ್ನೆಯನ್ನು ಕೊಳ್ಳಬಹುದು. ಕೊಟ್ಟ ಹಕ್ಕನ್ನು ವಾಪಸ್ ಕೊಳ್ಳೋಕೆ ಆಗಲ್ಲ. ಅದೇ ಮುಕ್ತ ಕೋಡಿನಿಂದ ಅಮೆಜಾನ್ ಕೊರೆಟ್ಟೊ ಅಂತ ಜಾವಾ ಕೊಡ್ತಾ ಇದೆ, ಎಕ್ಲಿಪ್ಸ್ ಸಂಸ್ಥೆ ಟೆಮುರಿನ್ ಅಂತ ಕೊಡ್ತಾ ಇದೆ. ಸ್ವತಃ ಒರಾಕಲ್ ಕೂಡ ಆ ಮುಕ್ತ ಯೋಜನೆಗೆ ದೊಡ್ಡ ಮಟ್ಟದಲ್ಲಿ ಕೋಡ್ ಬರೀತಾ ಇದೆ. ಇದನ್ನೂ ಹೇಳಬೇಕು, ಯಾಕಂದರೆ ಮುಕ್ತ ಅಂದರೆ ಕಂಪನಿಗಳಿಗೆ ಜಾಗ ಇಲ್ಲ ಅಂತಲ್ಲ. ಒಂದೇ ಕಂಪನಿ ಬಾಗಿಲು ಕಾಯೋ ಹಾಗಿಲ್ಲ ಅಂತ ಅಷ್ಟೇ.

ಸರಿ, ಇದರಿಂದ ನಮಗೇನು ಅಂತ ಕೇಳ್ತೀರಿ. ನಮಗೆ ಎರಡು ವಿಷಯ ಇದೆ. ಒಂದು ಹೆಮ್ಮೆಯದ್ದು, ಒಂದು ನೋವಿನದ್ದು.

ಮೊದಲು ಹೆಮ್ಮೆಯದ್ದು. 2018ರಲ್ಲಿ ಬೆಂಗಳೂರಿನ ಐಐಐಟಿಯಲ್ಲಿ ಮೋಸಿಪ್ ಅಂತ ಒಂದು ಯೋಜನೆ ಶುರುವಾಯ್ತು. ಆಧಾರ್ ಥರದ ಗುರುತಿನ ವ್ಯವಸ್ಥೆಯನ್ನು ಯಾವ ದೇಶ ಬೇಕಾದರೂ ತಾನೇ ಕಟ್ಟಿಕೊಳ್ಳೋಕೆ ಬೇಕಾದ ತಂತ್ರಾಂಶ. ಪೂರ್ತಿ ಮುಕ್ತ. ಬಹುಪಾಲು ಬರೆದಿರೋದು ಜಾವಾದಲ್ಲಿ. ಮೊರಾಕ್ಕೊ, ಫಿಲಿಪ್ಪೀನ್ಸ್, ಇಥಿಯೋಪಿಯಾ ಥರದ ದೇಶಗಳು ಅದನ್ನು ತಗೊಂಡಿವೆ. ತಮ್ಮ ಜನರ ಹೆಸರು, ಬೆರಳಚ್ಚು ಇರೋ ವ್ಯವಸ್ಥೆಯ ಕೀಲಿ ಯಾವುದೋ ವಿದೇಶಿ ಕಂಪನಿಯ ಕೈಯಲ್ಲಿ ಇರಬಾರದು ಅನ್ನೋದು ಇಂಥ ದೇಶಗಳ ಚಿಂತೆ. ಅದಕ್ಕೆ ಉತ್ತರ ಹೋಗಿದ್ದು ಕರ್ನಾಟಕದಿಂದ. ಜಾವಾದ ಬಾಗಿಲು ತೆರೆದಿದ್ದರಿಂದಲೇ ಅದರ ಮೇಲೆ ಇನ್ನೊಂದು ಬಾಗಿಲು ತೆರೆಯೋಕೆ ಬೆಂಗಳೂರಿಗೆ ಸಾಧ್ಯ ಆಯ್ತು.

ಈಗ ನೋವಿನದ್ದು. ಅದು ಕನ್ನಡದ್ದು. ಕಂಪ್ಯೂಟರಿಗೆ ಕನ್ನಡ ಬಂದ ಕಾಲದಲ್ಲಿ ದುಡಿದವರನ್ನು ನಾವು ನೆನೆಯಬೇಕು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದ ಮೇಲೇ ಇವತ್ತು ಕನ್ನಡಿಗರ ಬೆರಳು ಓಡ್ತಾ ಇವೆ. ಅವರು ಅದಕ್ಕೆ ಬೀಗ ಹಾಕಲಿಲ್ಲ, ಹಾಗಾಗಿ ಅದು ಎಲ್ಲರದ್ದಾಯ್ತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು, ವರ್ಷಗಟ್ಟಲೆ ಉಚಿತವಾಗಿ ಸಿಕ್ತು. ಕನ್ನಡ ಗಣಕ ಪರಿಷತ್ತು ಸರ್ಕಾರದ ಬೆಂಬಲದಿಂದ ‘ನುಡಿ’ ಕೊಟ್ಟಿತು, ಅದೂ ಉಚಿತ. ಇವರಿಲ್ಲದೆ ಇದ್ದಿದ್ದರೆ ಕಚೇರಿಗಳಿಗೆ ಕನ್ನಡ ಬರೋದು ಇನ್ನೆಷ್ಟು ತಡ ಆಗ್ತಿತ್ತೋ. ಈ ಋಣವನ್ನು ಇಟ್ಟುಕೊಂಡೇ ಮುಂದಿನ ಮಾತು ಹೇಳ್ತೀನಿ.

ಆ ಕಾಲದ ಫಾಂಟುಗಳಿಗೆ ಒಂದೊಂದಕ್ಕೂ ತನ್ನದೇ ಸಂಕೇತ. ಗೇಜ್ ಬೇರೆ ಬೇರೆ. ಒಂದರಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಕನ್ನಡ ಕಾಣೋದಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತೆ. ಹುಡುಕಿದರೆ ಸಿಗಲ್ಲ, ಫೋನಿನಲ್ಲಿ ಓದೋಕಾಗಲ್ಲ. ಹಳೆಯ ಆದೇಶಗಳು, ವರದಿಗಳು, ಪುಸ್ತಕಗಳು ಇಂಥ ಕಡತಗಳಲ್ಲಿ ಕೂತಿವೆ. ಕನ್ನಡಕ್ಕೆ ಎಲ್ಲ ಕಡೆ ಒಂದೇ ಸಂಕೇತ ಕೊಡೋ ಯೂನಿಕೋಡ್ 1991ರಿಂದಲೇ ಇತ್ತು. ನಮ್ಮ ಕಚೇರಿಗಳು ಆ ಕಡೆ ತಿರುಗೋಕೆ ಎಷ್ಟೋ ವರ್ಷ ಹಿಡೀತು. ತಂತ್ರಾಂಶ ಉಚಿತವಾಗಿತ್ತು, ಅದರೊಳಗೆ ಹಾಕಿದ ಕನ್ನಡ ಬಂಧಿಯಾಗಿತ್ತು.

ಬಿಡಿಸಿದವರು ಯಾರು? ಬಹಳಷ್ಟು ಕೆಲಸ ಮಾಡಿದ್ದು ಸಂಬಳ ಇಲ್ಲದೆ ಕೂತ ಕನ್ನಡದ ಹುಡುಗರು. ಹಳೆಯ ಸಂಕೇತವನ್ನು ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕ ಬರೆದು ಮುಕ್ತವಾಗಿ ಬಿಟ್ಟರು. ಗುಬ್ಬಿ, ನವಿಲು ಅಂತ ಮುಕ್ತ ಫಾಂಟ್ ಮಾಡಿದರು. ರೆಡ್ ಹ್ಯಾಟ್‌ನ ಲೋಹಿತ್, ಗೂಗಲ್‌ನ ನೋಟೋ ಫಾಂಟುಗಳೂ ಮುಕ್ತವಾಗಿ ಬಂದವು. ಮುಕ್ತವಾಗಿ ಬಂದದ್ದನ್ನು ಇನ್ನೊಬ್ಬ ತಿದ್ದಬಹುದು, ಮುಂದೆ ಒಯ್ಯಬಹುದು. ಉಚಿತವಾಗಿ ಮಾತ್ರ ಬಂದದ್ದು, ಮಾಡಿದವನು ದಣಿದಾಗ ಅಲ್ಲೇ ನಿಲ್ಲುತ್ತೆ. ಅದು ಅವನ ತಪ್ಪಲ್ಲ. ಒಬ್ಬನೇ ಎಷ್ಟು ವರ್ಷ ಹೊರೆ ಹೊರಬೇಕು? ಬರಹ ಕೂಡ ಮುಂದೆ ದುಡ್ಡು ಕೇಳಬೇಕಾಯ್ತು. ಹೆಗಲು ಬದಲಾಯಿಸೋಕೆ ದಾರಿ ಇರಬೇಕು. ಆ ದಾರಿಯ ಹೆಸರೇ ಮುಕ್ತ.

ಇದು ನಮ್ಮ ಕಡೆಯವರಿಗೆ ಹೊಸ ಪಾಠ ಏನಲ್ಲ. ವಾಡಿಯಿಂದ ಸೇಡಂಗೆ ಹೋಗೋ ಅದೇ ಲೈನಿನಲ್ಲಿ ಮಳಖೇಡ ಬರುತ್ತೆ. ಇವತ್ತು ಸಿಮೆಂಟಿನ ಧೂಳು, ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿ. ಈಗ ನಮಗೆ ಸಿಕ್ಕಿರೋ ಕನ್ನಡದ ಮೊದಲ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಅಲ್ಲಿನ ಅಮೋಘವರ್ಷನ ಆಸ್ಥಾನದಲ್ಲಿ. ಅದೇನು ಕಥೆಯ ಪುಸ್ತಕ ಅಲ್ಲ. ಕನ್ನಡದಲ್ಲಿ ಬರೆಯೋದು ಹೇಗೆ, ಯಾವುದು ದೋಷ, ಯಾವುದು ಗುಣ ಅಂತ ಬಿಡಿಸಿ ಹೇಳೋ ಪುಸ್ತಕ. ಇವತ್ತಿನ ಮಾತಲ್ಲಿ ಹೇಳೋದಾದರೆ ಭಾಷೆಯ ಒಳಗುಟ್ಟನ್ನು ತೆರೆದಿಟ್ಟದ್ದು. ರಾಷ್ಟ್ರಕೂಟರು ಹೋದರು, ರಾಜಧಾನಿ ಹಾಳಾಯ್ತು. ಕನ್ನಡ ಯಾವ ರಾಜನ ಆಸ್ತಿಯೂ ಆಗಿರಲಿಲ್ಲ, ಹಾಗಾಗಿ ಉಳೀತು.

ಅಲ್ಲೇ ಹತ್ತಿರ, ಚಿತ್ತಾಪುರದ ಪಕ್ಕ ನಾಗಾವಿ ಇದೆ. 1058ರ ಶಾಸನ ಅಲ್ಲಿನ ಘಟಿಕಾಸ್ಥಾನದ ಲೆಕ್ಕ ಕೊಡುತ್ತೆ. ವೇದ ಓದೋ 200 ವಿದ್ಯಾರ್ಥಿಗಳು, ಶಾಸ್ತ್ರ ಓದೋ 52 ಜನ, ಪಾಠ ಹೇಳೋ ಗುರುಗಳು, ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು. ಸಾವಿರ ವರ್ಷದ ಹಿಂದೆ ಆರು ಜನ ಗ್ರಂಥಪಾಲಕರಿದ್ದ ವಿದ್ಯಾಸಂಸ್ಥೆ! ಅಲ್ಲಿ ಓದು ಉಚಿತ, ಊಟ ಉಚಿತ. ಆದರೆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ವೇದ ಓದೋ ಹಕ್ಕು ಹುಟ್ಟಿನಿಂದ ಬರ್ತಿತ್ತು. ನೂರು ವರ್ಷದ ನಂತರ ಇದೇ ಕಲ್ಯಾಣದ ನೆಲದಲ್ಲಿ ಶರಣರು ಎದ್ದಿದ್ದು ಆ ಬಾಗಿಲಿನ ಎದುರಿಗೇ. ಉಚಿತವಾಗಿ ಕೊಡೋದು ದಾನ. ದಾನದಲ್ಲಿ ಕೊಡೋ ಕೈ ಯಾವತ್ತೂ ಮೇಲೇ ಇರುತ್ತೆ. ಮುಕ್ತವಾಗಿಡೋದು ಹಕ್ಕು. ಅಲ್ಲಿ ಮೇಲು ಕೆಳಗು ಇಲ್ಲ.

ಹಾಗಾಗಿ ಇವತ್ತಿನ ಮಾತು ಇಷ್ಟೇ. ನಿಮ್ಮ ಮಕ್ಕಳ ಶಾಲೆಗೆ, ನಿಮ್ಮ ಪಂಚಾಯಿತಿಗೆ, ನಿಮ್ಮ ಜಮೀನಿನ ದಾಖಲೆಗೆ, ನಿಮ್ಮ ಭಾಷೆಗೆ ಯಾರಾದರೂ ಒಂದು ತಂತ್ರಾಂಶ ಉಚಿತವಾಗಿ ಕೊಡ್ತೀವಿ ಅಂದರೆ ಸಂತೋಷದಿಂದ ತಗೊಳ್ಳಿ. ಆದರೆ ಮೂರು ಪ್ರಶ್ನೆ ಕೇಳಿ. ಒಳಗೆ ಏನಿದೆ ಅಂತ ನಮ್ಮವರು ಓದಬಹುದಾ? ಕೆಟ್ಟರೆ ನಮ್ಮವರೇ ತಿದ್ದಬಹುದಾ? ನಾಳೆ ನೀವು ಅಂಗಡಿ ಮುಚ್ಚಿದರೆ, ಇಲ್ಲವೇ ಮಾರಿದರೆ, ನಾವು ಹಾಕಿದ ಮಾಹಿತಿ ನಮಗೆ ಪೂರ್ತಿ ವಾಪಸ್ ಸಿಗುತ್ತಾ? ಅದರಲ್ಲೂ ತೆರಿಗೆ ದುಡ್ಡಿನಲ್ಲಿ ಬರೆಸಿದ ತಂತ್ರಾಂಶ ಆಗಿದ್ದರೆ ಈ ಪ್ರಶ್ನೆ ಕೇಳಲೇಬೇಕು. ಕೇಂದ್ರ ಸರ್ಕಾರವೇ 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡೋ ನೀತಿ ಹೊರಡಿಸಿದೆ. ನೀತಿ ಕಾಗದದ ಮೇಲಿದೆ. ಕೇಳೋ ಬಾಯಿ ಬೇಕು.

1883ರಲ್ಲಿ ಇದೇ ಥರದ ಪ್ರಶ್ನೆ ಕೇಳಿದವರನ್ನು ಊರು ಬಿಡಿಸಿದರು. ಇವತ್ತು ಕೇಳಿದರೆ ಯಾರೂ ಗಡಿಪಾರು ಮಾಡಲ್ಲ. ಹೆಚ್ಚೆಂದರೆ ‘ಪುಕ್ಕಟೆ ಸಿಕ್ಕಿದ್ದಕ್ಕೆ ಯಾಕಪ್ಪಾ ಇಷ್ಟೊಂದು ಪ್ರಶ್ನೆ’ ಅಂತಾರೆ. ಅಂದರೆ ಅನ್ನಲಿ.

ಚಿಂಚೋಳಿಗೆ ಇವತ್ತಿಗೂ ರೈಲಿಲ್ಲ. ಹಳಿಯ ಬೇಡಿಕೆ ಇಟ್ಟುಕೊಂಡು ಜನ ಕಾಯ್ತಾನೇ ಇದ್ದಾರೆ. ಆದರೆ ಅದೇ ಚಿಂಚೋಳಿಯ ಒಬ್ಬ ಹುಡುಗಿ ಒಂದು ಹಳೆಯ ಲ್ಯಾಪ್‌ಟಾಪ್, ಒಂದು ಮೊಬೈಲ್ ನೆಟ್ ಇಟ್ಟುಕೊಂಡು, ಜಗತ್ತಿನ ದೊಡ್ಡ ದೊಡ್ಡ ಬ್ಯಾಂಕುಗಳು ಬಳಸೋ ಅದೇ ಜಾವಾವನ್ನು ಇಳಿಸಿಕೊಳ್ಳಬಹುದು. ಯಾರ ಅನುಮತಿಯೂ ಬೇಡ. ಕಲಿಯಬಹುದು. ಒಳಗೆ ಹೇಗಿದೆ ಅಂತ ಸಾಲು ಸಾಲಾಗಿ ಓದಬಹುದು. ಒಂದು ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಅವಳ ತಿದ್ದುಪಡಿ ಸರಿಯಿದ್ದರೆ ಅದು ಲೋಕದ ಜಾವಾ ಒಳಗೆ ಸೇರುತ್ತೆ. ಅವಳು ಯಾವ ಊರಿನವಳು, ಯಾರ ಮಗಳು ಅಂತ ಆ ಕೋಡ್ ಕೇಳೋದಿಲ್ಲ. ಉಚಿತ ಅನ್ನೋ ಪದ ಅವಳಿಗೆ ಟಿಕೆಟ್ ಕೊಡ್ತಿತ್ತು. ಮುಕ್ತ ಅನ್ನೋ ಪದ ಅವಳಿಗೆ ಹಳಿ ಹಾಕೋ ಹಕ್ಕು ಕೊಟ್ಟಿದೆ.